ಬೆನ್ನು ಬಗ್ಗುವ ಬದಲು ಟ್ರೇ ಜಾರಲಿ

ಪಿಕಪ್ ಗಾಡಿಯ ಹಿಂದಿನ ಡೋರ್ ಇಳಿಸಿ, ಲಾಕ್ ಬಿಚ್ಚಿ ಎಳೆದರೆ, ಒಳಗಿದ್ದ ಸಾಮಾನೆಲ್ಲ ಒಂದು ಟ್ರೇ ಸಮೇತ ಹೊರಗೆ ಜಾರಿಕೊಂಡು ಬರುತ್ತೆ. ಮೇಜಿನ ಡ್ರಾಯರ್ ಎಳೆದ ಹಾಗೆ. ಬೇಕಾದ್ದನ್ನು ಎತ್ತಿಕೊಂಡು, ಮತ್ತೆ ಒಳಗೆ ತಳ್ಳಿ, ಲಾಕ್ ಹಾಕಿದರೆ ಮುಗಿಯಿತು. ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನ ಬೇಕಾ ಅಂತ ಕೇಳೋರು ನಮ್ಮ ಸಂಘದಲ್ಲೇ ಇದ್ದಾರೆ. ಬೇಕು ಅನ್ನೋದು ನಮ್ಮ ವಾದ. ಯಾಕಂದ್ರೆ ಈ ಟ್ರೇಯನ್ನು ಗಾಡಿಯ ಶೋಕಿ ಅಂತ ನೋಡೋದೇ ಸರಿಯಲ್ಲ. ಇದು ಎತ್ತುವವನ ಸೊಂಟದ ವಿಷಯ. ಆ ಸೊಂಟದಿಂದ ಲೆಕ್ಕ ಶುರು ಮಾಡಿದರೆ ಟ್ರೇಯ ಅಳತೆ, ಬೇರಿಂಗು, ಬೋಲ್ಟು ಎಲ್ಲವೂ ಬೇರೆ ಥರ ಕಾಣುತ್ತೆ. ಕ್ಯಾಟಲಾಗ್‌ನಿಂದ ಶುರು ಮಾಡಿದರೆ ಯಾರದೋ ದೇಶದ ಸಾಮಾನನ್ನು ತಂದು ನಮ್ಮ ಗಾಡಿಗೆ ತಗುಲಿಹಾಕಿದ ಹಾಗಾಗುತ್ತೆ.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಈ ಟ್ರೇ ಹೊಸದೇನಲ್ಲ. ಅಲ್ಲಿ ಪಿಕಪ್ ಅಂದರೆ ಮನೆಯ ಕಾರೂ ಹೌದು, ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳ ಕೆಲಸದ ಗಾಡಿಯೂ ಹೌದು. ಹಿಂದಿನ ಬೆಡ್ಡು ಐದೂವರೆ ಅಡಿಯಿಂದ ಎಂಟು ಅಡಿ ಉದ್ದ. ಬದಿಗಳು ಬಿಚ್ಚುವುದಿಲ್ಲ, ಹಿಂದಿನ ಡೋರ್ ಮಾತ್ರ ಕೆಳಗಿಳಿಯುತ್ತದೆ. ಇಳಿದ ಡೋರ್ ಹೆಚ್ಚುಕಮ್ಮಿ ಎರಡು ಅಡಿ ಚಾಚಿಕೊಂಡು ನಿಮಗೂ ಸಾಮಾನಿಗೂ ನಡುವೆ ಅಡ್ಡ ನಿಲ್ಲುತ್ತೆ. ಮೇಲೆ ಕವರ್ ಹಾಕಿಸಿದ್ದರಂತೂ ಮುಂದುಗಡೆ ಜಾರಿಹೋದ ಟೂಲ್‌ಬಾಕ್ಸ್ ತೆಗೆಯೋಕೆ ಮಂಡಿಯೂರಿ ಒಳಗೆ ತೆವಳಬೇಕು. ಆ ತೆವಳಾಟ ತಪ್ಪಿಸೋಕೆ ಹುಟ್ಟಿದ್ದು ಈ ಜಾರುವ ಟ್ರೇ. ಅಲ್ಲಿ ಸಿಗುವ ಸಾಮಾನ್ಯ ಟ್ರೇಗಳು ಸಾವಿರ ಪೌಂಡ್, ಅಂದರೆ ಸುಮಾರು 450 ಕೆ.ಜಿ. ತಡೆಯುತ್ತವೆ. ಕೆಲವು ಮುಕ್ಕಾಲು ಭಾಗ ಹೊರಗೆ ಬರುತ್ತವೆ, ದುಬಾರಿಯವು ಪೂರ್ತಿ ಬರುತ್ತವೆ.

ನಮ್ಮಲ್ಲಿ ಕತೆ ಬೇರೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಸಣ್ಣ ಗೂಡ್ಸ್ ಗಾಡಿ ಅನ್ನೋದು ಊರೂರಿನ ಗಲ್ಲಿಗೂ ನುಗ್ಗಿತು. ಜನ ಅದಕ್ಕೆ ಪ್ರೀತಿಯಿಂದ ಚೋಟಾ ಹಾಥಿ ಅಂತ ಹೆಸರಿಟ್ಟರು. ಆಮೇಲೆ ಬೊಲೆರೊ ಪಿಕಪ್ಪು, ದೋಸ್ತ್ ಮುಂತಾದವು ರಸ್ತೆ ತುಂಬಿಕೊಂಡವು. ನಮ್ಮ ಹಾಸ್ಟೆಲಿಗೆ ನೀರಿನ ಕ್ಯಾನ್ ಬರೋದು, ಮೆಸ್ಸಿಗೆ ಸಿಲಿಂಡರ್ ಬರೋದು, ಬೀದಿ ಕೊನೆಯ ಅಂಗಡಿಗೆ ತಂಪುಪಾನೀಯದ ಕ್ರೇಟು ಬರೋದು ಇಂಥ ಗಾಡಿಗಳಲ್ಲೇ. ಇವುಗಳಿಂದ ಸಾಮಾನು ಇಳಿಸುವುದನ್ನು ದಿನಾ ನೋಡ್ತೀವಿ, ಆದರೆ ಗಮನಿಸಲ್ಲ. ಹಿಂದಿನ ಡೋರ್ ಬಿಚ್ಚುತ್ತಾರೆ, ಮೊದಲ ಸಾಲಿನ ಸಾಮಾನು ಸುಲಭವಾಗಿ ಕೈಗೆ ಸಿಗುತ್ತೆ. ಎರಡನೇ ಸಾಲಿಗೆ ಎದೆಯನ್ನು ಅಂಚಿಗೆ ಒತ್ತಿ ಕೈ ಚಾಚುತ್ತಾರೆ. ಮೂರನೇ ಸಾಲಿಗೆ ಗಾಡಿ ಹತ್ತುತ್ತಾರೆ, ಬಗ್ಗಿಕೊಂಡು ಎಳೆದು ಅಂಚಿಗೆ ತರುತ್ತಾರೆ, ಕೆಳಗೆ ಹಾರುತ್ತಾರೆ, ಮತ್ತೆ ಎತ್ತುತ್ತಾರೆ. ಮುಂದಿನ ಅಂಗಡಿಯಲ್ಲಿ ಮತ್ತದೇ.

ಸೊಂಟದ ಲೆಕ್ಕ

ಎತ್ತುವ ಕೆಲಸಕ್ಕೂ ಒಂದು ಸೂತ್ರ ಇದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರ ಅದು. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಭಾರ ಮೈಗೆ ಹತ್ತಿರ ಇದ್ದು, ಎತ್ತರ ಸರಿಯಾಗಿದ್ದು, ಸೊಂಟ ತಿರುಚದೆ, ಹಿಡಿತ ಚೆನ್ನಾಗಿದ್ದು, ಆಗೊಮ್ಮೆ ಈಗೊಮ್ಮೆ ಎತ್ತುವಾಗ, ಶಿಫಾರಸು ಮಾಡುವ ಮಿತಿ 23 ಕೆ.ಜಿ. ಅಲ್ಲಿಂದ ಒಂದೊಂದು ಅನನುಕೂಲಕ್ಕೂ ಆ ಮಿತಿಯನ್ನು ಇಳಿಸುತ್ತಾ ಹೋಗುತ್ತಾರೆ. ಅದರಲ್ಲಿ ಬಹಳ ಕಠಿಣವಾಗಿ ಕತ್ತರಿಸೋದು ಮೈಯಿಂದ ಭಾರಕ್ಕಿರುವ ಅಡ್ಡ ದೂರ.

ಲೆಕ್ಕ ಬಹಳ ಸರಳ. ಪಾದದ ಗಿಣ್ಣುಗಳ ನಡುವಿನ ಬಿಂದುವಿನಿಂದ ಕೈ ಹಿಡಿದ ಜಾಗಕ್ಕೆ ಎಷ್ಟು ಸೆಂ.ಮೀ. ಇದೆ ಅಂತ ಅಳೆದು, 25ನ್ನು ಅದರಿಂದ ಭಾಗಿಸಬೇಕು. ಬಂದ ಸಂಖ್ಯೆಯಿಂದ 23ನ್ನು ಗುಣಿಸಬೇಕು. ದೂರ 25 ಸೆಂ.ಮೀ. ಒಳಗಿದ್ದರೆ ಪೂರ್ತಿ 23 ಕೆ.ಜಿ. ಸಿಗುತ್ತೆ. 30 ಸೆಂ.ಮೀ. ಆದರೆ ಸುಮಾರು 19. 50 ಸೆಂ.ಮೀ. ಆದರೆ ಹನ್ನೊಂದೂವರೆ. 63 ಸೆಂ.ಮೀ. ದಾಟಿದರೆ ಸೂತ್ರ ಸೊನ್ನೆ ಕೊಡುತ್ತೆ. ಅಂದರೆ ಅಷ್ಟು ದೂರಕ್ಕೆ ಕೈ ಚಾಚಿ ಏನನ್ನೂ ಎತ್ತಬೇಡಪ್ಪಾ ಅಂತ ಅರ್ಥ.

ಈಗ 20 ಲೀಟರಿನ ನೀರಿನ ಕ್ಯಾನ್ ತೆಗೆದುಕೊಳ್ಳಿ. ನೀರೇ 20 ಕೆ.ಜಿ. ಅಂಚಿನಲ್ಲಿರುವ ಕ್ಯಾನ್ ಮಿತಿಯ ಆಸುಪಾಸಿನಲ್ಲಿದೆ. ಅದೇ ಕ್ಯಾನ್ ಒಂದು ಅಡಿ ಒಳಗೆ ಹೋದರೆ ಮಿತಿಯ ದುಪ್ಪಟ್ಟಾಗುತ್ತೆ. ಕ್ಯಾನ್ ಬದಲಾಗಿಲ್ಲ, ಎತ್ತುವ ಮನುಷ್ಯ ಬದಲಾಗಿಲ್ಲ, ಬದಲಾಗಿದ್ದು ದೂರ ಒಂದೇ. ಗಾಡಿಯ ನೆಲದ ಎತ್ತರ ನಿಜ ಹೇಳಬೇಕಂದ್ರೆ ಕೆಟ್ಟದಾಗಿಲ್ಲ. ಇದೇ ಸೂತ್ರ ಕೈಗಳಿಗೆ ಅತ್ಯಂತ ಅನುಕೂಲ ಅನ್ನುವ ಎತ್ತರ ನೆಲದಿಂದ 75 ಸೆಂ.ಮೀ., ನಮ್ಮ ಸಣ್ಣ ಗೂಡ್ಸ್ ಗಾಡಿಗಳ ನೆಲ ಅದರ ಆಸುಪಾಸಿನಲ್ಲೇ ಇರುತ್ತೆ. ಹಾಗಾಗಿ ತೊಂದರೆ ಎತ್ತರದ್ದಲ್ಲ, ಆಳದ್ದು. ಆಳವನ್ನು ಹತ್ತಿರಕ್ಕೆ ತರೋದೇ ಟ್ರೇಯ ಕೆಲಸ.

ಇದನ್ನು ಓದಿ ನಗುವವರೂ ಇದ್ದಾರೆ. ಮಂಡಿಯಲ್ಲಿ ಹಮಾಲರು 50 ಕೆ.ಜಿ. ಚೀಲ ಹೊರುತ್ತಾರೆ, ನೀವು 23ರ ಮಾತಾಡ್ತೀರಲ್ಲ ಅಂತ. ಹೊರುತ್ತಾರೆ, ನಿಜ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ 1967ರ ಶಿಫಾರಸಿನಲ್ಲಿ ವಯಸ್ಕ ಗಂಡಸು ಒಬ್ಬನೇ ಹೊರುವ ಭಾರಕ್ಕೆ 55 ಕೆ.ಜಿ. ಅಂತ ಗಡಿ ಹಾಕಿತ್ತು. ಆದರೆ ಒಂದು ಗಡಿ ದಾಟಬಾರದ ಗೋಡೆ, ಇನ್ನೊಂದು ದಿನಾ ದುಡಿದರೂ ಬೆನ್ನು ಉಳಿಯುವ ಅಳತೆ. ಎರಡನ್ನೂ ಒಂದೇ ಅಂತ ನೋಡೋಕಾಗಲ್ಲ. ಅಭ್ಯಾಸ ಇರೋರಿಗೆ ಏನಾಗಲ್ಲ ಅನ್ನೋ ಮಾತನ್ನು ಹೇಳೋದು ಯಾವಾಗಲೂ ಎತ್ತದೇ ಇರುವವರು.

ಯಾವ ಗಾಡಿಗೆ ಬೇಕು, ಯಾವುದಕ್ಕೆ ಬೇಡ

ಹಾಗಂತ ಎಲ್ಲ ಪಿಕಪ್ಪಿಗೂ ಟ್ರೇ ಹಾಕಿ ಅಂತ ನಾವು ಹೇಳೋದಿಲ್ಲ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊತ್ತು ಹೋಗುವ ಗಾಡಿ ನೋಡಿ. 15 ಕೆ.ಜಿ. ಬಾಕ್ಸುಗಳನ್ನು ಒಂದರ ಮೇಲೊಂದು ಕಟ್ಟಿ, ಹಗ್ಗ ಬಿಗಿದು, ತೋಟದಿಂದ ಹೊರಟರೆ ಮಾರುಕಟ್ಟೆಯಲ್ಲೇ ಇಳಿಸೋದು. ಒಂದು ಕಡೆ ತುಂಬು, ಒಂದು ಕಡೆ ಖಾಲಿ ಮಾಡು. ಅಲ್ಲಿ ಟ್ರೇ ಹಾಕಿದರೆ ಅದರ ತೂಕದಷ್ಟು ಟೊಮೆಟೊ ಕಮ್ಮಿಯಾಗುತ್ತೆ, ಲೋಡಿನ ಎತ್ತರ ಹೆಚ್ಚುತ್ತೆ, ಪೂರ್ತಿ ಲೋಡಿನ ಟ್ರೇಯನ್ನು ಎಳೆಯೋಕೂ ಆಗಲ್ಲ. ಸಿಮೆಂಟು, ಜಲ್ಲಿ, ಮರಳಿಗೂ ಹಾಗೇ. ಅಂಥ ಕಡೆ ಬೇಕಾಗಿರೋದು ಗಾಡಿಯ ನೆಲದ ಮಟ್ಟಕ್ಕೆ ಕಟ್ಟಿದ ಕಟ್ಟೆ, ಬದಿಯ ಡೋರ್ ಬಿಚ್ಚುವ ಬಾಡಿ, ತಳ್ಳೋಕೆ ಒಂದು ಟ್ರಾಲಿ.

ಟ್ರೇಯ ಜಾಗ ಬೇರೆ. ದಿನಕ್ಕೆ ಹತ್ತಾರು ಕಡೆ ನಿಂತು, ಒಂದೊಂದು ಕಡೆ ಒಂದೆರಡು ವಸ್ತು ಇಳಿಸುವ ಗಾಡಿಗಳಿಗೆ ಅದು ಬೇಕು. ನೀರಿನ ಕ್ಯಾನಿನ ಗಾಡಿ. ಸಿಲಿಂಡರ್ ಗಾಡಿ: ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್, ಕಬ್ಬಿಣದ ತೂಕ ಸೇರಿದರೆ 30ರ ಹತ್ತಿರ. ಬೋರ್‌ವೆಲ್ ಮೋಟರ್ ರಿಪೇರಿಯವರ ಗಾಡಿ, ಮದುವೆ ಮನೆಗೆ ಸೌಂಡ್ ಬಾಕ್ಸು, ಜನರೇಟರ್ ಒಯ್ಯುವ ಗಾಡಿ, ಟವರ್ ಬ್ಯಾಟರಿ ಬದಲಿಸುವವರ ಗಾಡಿ. ಇವರಿಗೆಲ್ಲ ಬೇಕಾದ ವಸ್ತು ಯಾವಾಗಲೂ ಮುಂದಿನ ಮೂಲೆಯಲ್ಲೇ ಇರುತ್ತೆ, ಇದು ಯಾವ ನಿಯಮವೋ ಗೊತ್ತಿಲ್ಲ!

ಹಾಗಾಗಿ ಮೊದಲ ಪ್ರಶ್ನೆ "ಎಷ್ಟು ಟನ್ ತಡೆಯುತ್ತೆ" ಅಂತಲ್ಲ. "ದಿನಕ್ಕೆ ಎಷ್ಟು ಸಲ ಗಾಡಿ ಹತ್ತುತ್ತೀರಣ್ಣ" ಅಂತ. ಉತ್ತರ ಐದು ಅಂತ ಬಂದರೆ ನಮಸ್ಕಾರ ಹೇಳಿ ಎದ್ದು ಬರಬಹುದು. ಐವತ್ತು ಅಂತ ಬಂದರೆ ಟೇಪು ತೆಗೆಯಬೇಕು.

ಹೊರಗೆ ಬಂದ ಟ್ರೇ ಏನು ಮಾಡುತ್ತೆ

ಟ್ರೇ ಒಳಗಿದ್ದಾಗ ಪಾಪದ ಪ್ರಾಣಿ. ಗಾಡಿಯ ನೆಲದ ಮೇಲೆ ಮಲಗಿರುತ್ತೆ. ಹೊರಗೆ ಎಳೆದ ಕ್ಷಣ ಅದು ಕ್ಯಾಂಟಿಲಿವರ್ ಆಗುತ್ತೆ. ಎರಡನೇ ವರ್ಷದಲ್ಲಿ ನಾವೆಲ್ಲ ಬೋರ್ಡಿನ ಮೇಲೆ ಬಿಡಿಸಿದ್ದ ಅದೇ ತೊಲೆ, ಅದೇ ಮೊಮೆಂಟು. ಒಂದು ಉದಾಹರಣೆ ಹಾಕೋಣ. 1.8 ಮೀಟರ್ ಉದ್ದದ ಟ್ರೇ, ಅದರ ಮೇಲೆ ಸಮನಾಗಿ ಹರಡಿದ 400 ಕೆ.ಜಿ. ಭಾರ. ನೂರಕ್ಕೆ 70 ಭಾಗ, ಅಂದರೆ 1.26 ಮೀಟರ್ ಹೊರಗೆ ಎಳೆದೆವು. ಗಾಡಿಯ ಅಂಚಿನಿಂದ ಒಳಗೆ ಉಳಿದಿದ್ದು 0.54 ಮೀಟರ್ ಮಾತ್ರ. ಇಡೀ ಭಾರದ ಕೇಂದ್ರ ಅಂಚಿನಿಂದ 0.36 ಮೀಟರ್ ಆಚೆ ಹೋಗಿದೆ. 400ನ್ನು 0.36ರಿಂದ ಗುಣಿಸಿ 0.54ರಿಂದ ಭಾಗಿಸಿದರೆ ಸುಮಾರು 267. ಟ್ರೇಯ ಒಳತುದಿ 267 ಕೆ.ಜಿ. ಬಲದಿಂದ ಮೇಲಕ್ಕೆ ಏಳೋಕೆ ನೋಡ್ತಾ ಇದೆ ಅಂತ ಅರ್ಥ. ಅದನ್ನು ಕೆಳಗೆ ಹಿಡಿದಿಟ್ಟಾಗ ಅಂಚಿನ ಬೇರಿಂಗುಗಳ ಮೇಲೆ ಕೂರೋದು 400 ಅಲ್ಲ, 667 ಕೆ.ಜಿ.

ಈಗ ನಿಜ ಜೀವನ ಬರುತ್ತೆ. ಯಾರೋ ಒಬ್ಬರು, 70 ಕೆ.ಜಿ. ಇರೋರು, ಹೊರಗೆ ಬಂದ ಟ್ರೇಯ ತುದಿಗೆ ಕಾಲಿಟ್ಟು ಹತ್ತುತ್ತಾರೆ. ಹತ್ತಬೇಡಿ ಅಂತ ಬೋರ್ಡ್ ಬರೆದರೂ ಹತ್ತೇ ಹತ್ತುತ್ತಾರೆ. ಒಳತುದಿ ಏಳುವ ಬಲ 430 ಆಗುತ್ತೆ, ಅಂಚಿನ ಭಾರ 900 ಆಗುತ್ತೆ. ಕ್ಯಾಟಲಾಗಿನ "400 ಕೆ.ಜಿ. ಟ್ರೇ" ಅನ್ನೋ ಮಾತಿನ ಹಿಂದೆ 900ರ ಲೆಕ್ಕ ಅಡಗಿರುತ್ತೆ. ಇದನ್ನು ಲೆಕ್ಕ ಹಾಕದೆ ಮನೆ ಕಪಾಟಿನ ಡ್ರಾಯರ್ ಚಾನಲ್ ತಂದು ವೆಲ್ಡ್ ಮಾಡಿದರೆ, ಮೊದಲ ವಾರದಲ್ಲೇ ಟ್ರೇ ಯಾರದಾದರೂ ಕಾಲಿನ ಮೇಲೆ ಬೀಳುತ್ತೆ.

ಬೇರಿಂಗಿಗೆ ಬರೋಣ. ಗುಜರಿಯಲ್ಲೂ ಸಿಗುವ 6203 ಬೇರಿಂಗ್ ನಿಂತ ಭಾರಕ್ಕೆ ಸುಮಾರು 4.7 ಕಿಲೋನ್ಯೂಟನ್ ತಡೆಯುತ್ತೆ. 900 ಕೆ.ಜಿ.ಯನ್ನು ಎಡಕ್ಕೂ ಬಲಕ್ಕೂ ಹಂಚಿದರೆ ಒಂದೊಂದಕ್ಕೆ 4.4 ಕಿಲೋನ್ಯೂಟನ್. ಸಾಕಾಯ್ತಲ್ಲ ಅನ್ನಿಸುತ್ತೆ. ಆದರೆ ಸಿಲಿಂಡರನ್ನು ಯಾರೂ ಹೂವಿನ ಥರ ಇಡೋದಿಲ್ಲ, ಧಡ್ ಅಂತ ಇಡ್ತಾರೆ. ಮತ್ತೆ ಆ 4.7 ಅನ್ನೋ ಸಂಖ್ಯೆ ಬೇರಿಂಗಿನ ಹೊರಗಿನ ಬಳೆ ಗಟ್ಟಿ ಗೂಡಿನಲ್ಲಿ ಕೂತಿದ್ದಾಗಿನದು. ಬಳೆಯನ್ನೇ ಚಕ್ರ ಮಾಡಿ ಚಾನಲ್ ಮೇಲೆ ಓಡಿಸಿದರೆ ಅದು ಬಾಗುತ್ತೆ. ಹಾಗಾಗಿ ಅಂಚಿನಲ್ಲಿ ಬದಿಗೆ ಎರಡೆರಡು ಬೇರಿಂಗ್ ಇರಲಿ, ಇಲ್ಲವೇ ಹೊರಬಳೆ ದಪ್ಪ ಇರುವ ಟ್ರ್ಯಾಕ್ ರೋಲರ್ ಹಾಕಲಿ. ನಮ್ಮ ರಸ್ತೆಯ ಧೂಳಿಗೆ ಎರಡೂ ಕಡೆ ರಬ್ಬರ್ ಸೀಲ್ ಇರೋದೇ ಬೇಕು. ಚಾನಲ್ಲಿಗೆ ಗ್ರೀಸ್ ಮೆತ್ತೋದು ಬೇಡ. ಗ್ರೀಸು ಧೂಳನ್ನು ಹಿಡಿದು ಉಜ್ಜುಕಾಗದ ಆಗಿಬಿಡುತ್ತೆ.

ಬೋಲ್ಟಿನ ಜಾಗವೂ ಇದೇ ಲೆಕ್ಕದಿಂದ ಬರುತ್ತೆ. ಸಾಮಾನ್ಯವಾಗಿ ಚಾನಲ್ಲಿನ ಎರಡು ತುದಿಗೆ ಬೋಲ್ಟ್ ಹಾಕಿ ಮುಗಿಸುತ್ತಾರೆ. ಆದರೆ ಮೇಲಕ್ಕೆ ಏಳುವ ಬಲ ಬರೋದು ಅಂಚಿನಿಂದ ಅರ್ಧ ಮೀಟರ್ ಒಳಗೆ, ಹಾಗಾಗಿ ಅಲ್ಲಿ ಬೋಲ್ಟ್ ಇರಲೇಬೇಕು. ಗಾಡಿಯ ನೆಲದ ತಗಡು ತೆಳು, ಬರೀ ವಾಷರ್ ಹಾಕಿದರೆ ಕಿತ್ತುಕೊಂಡು ಬರುತ್ತೆ. ಕೆಳಗಡೆ ದಪ್ಪ ಪಟ್ಟಿ ಕೊಟ್ಟು, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಬೇಕು. ಡ್ರಿಲ್ ಹಿಡಿಯುವ ಮುಂಚೆ ಗಾಡಿ ಕೆಳಗೆ ಮಲಗಿ ನೋಡಬೇಕು. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪು, ವೈರಿಂಗ್ ಎಲ್ಲಾ ಅಲ್ಲೇ ಹಾದುಹೋಗಿರುತ್ತೆ. ಕಂಪನಿಯವರೇ ಬಿಟ್ಟಿರುವ ತೂತು ಸಿಕ್ಕರೆ ಅದನ್ನೇ ಬಳಸೋದು ಜಾಣತನ. ಹೊಸ ತೂತು ಕೊರೆದರೆ ಅಂಚಿಗೆ ಪ್ರೈಮರ್ ಬಳಿಯದೆ ಬಿಡಬಾರದು. ಕರಾವಳಿ ಕಡೆಯ ಗಾಡಿಗಳ ತುಕ್ಕು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಲಾಕು. ಇಳಿಜಾರಿನಲ್ಲಿ, ಹತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ, ಗಾಡಿ ಮೂತಿ ಮೇಲೆ ಮಾಡಿ ನಿಂತಿದ್ದರೆ 400 ಕೆ.ಜಿ.ಯ ಟ್ರೇ ತಾನಾಗಿಯೇ ಹತ್ತಿರ ಹತ್ತಿರ 40 ಕೆ.ಜಿ. ಬಲದಿಂದ ಹೊರಗೆ ನುಗ್ಗುತ್ತೆ. ಮಡಿಕೇರಿ, ಸಕಲೇಶಪುರದ ಕಡೆ ಇದು ದಿನದ ಮಾತು. ಲಾಕ್ ಬಿಚ್ಚಿದವನು ಟ್ರೇ ಎದುರಿಗೇ ನಿಂತಿರುತ್ತಾನೆ ಅನ್ನೋದನ್ನು ಮರೀಬೇಡಿ. ಹಾಗಾಗಿ ಒಂದೇ ಕಡೆ ಲಾಕ್ ಆದರೆ ಸಾಲದು. ಪೂರ್ತಿ ಒಳಗೆ, ಅರ್ಧ, ಪೂರ್ತಿ ಹೊರಗೆ, ಮೂರೂ ಕಡೆ ಹಿಡಿದು ನಿಲ್ಲುವ ಪಿನ್ ಬೇಕು. ಹಿಡಿ ಬಿಟ್ಟ ತಕ್ಷಣ ತಾನೇ ಕೂರುವಂತೆ ಸ್ಪ್ರಿಂಗ್ ಇರಬೇಕು. ಗಕ್ಕನೆ ಬ್ರೇಕ್ ಹಾಕಿದರೆ ಇದೇ ಟ್ರೇ ಕ್ಯಾಬಿನ್ ಕಡೆಗೆ ನುಗ್ಗುತ್ತೆ. ಆ ಬಲವನ್ನು ಪಿನ್ನಿನ ಮೇಲೆ ಬಿಡದೆ ಮುಂದುಗಡೆ ಗಟ್ಟಿ ತಡೆ ಕೊಡಬೇಕು. ಟ್ರೇ ಹೊರಗಿದ್ದಾಗ ಗಾಡಿಯ ಹಿಂಭಾಗ ಭಾರವಾಗಿ ಮುಂದಿನ ಚಕ್ರ ಹಗುರಾಗುತ್ತೆ, ಅದಕ್ಕೆ ಚಕ್ರಕ್ಕೆ ಕಲ್ಲು ಕೊಡುವ ಹಳೇ ಅಭ್ಯಾಸವನ್ನೂ ಬಿಡಬಾರದು.

90 ಕೆ.ಜಿ. ಯಾರ ಲೆಕ್ಕಕ್ಕೆ?

ಇಷ್ಟೆಲ್ಲ ಹೇಳಿದ ಮೇಲೆ ಡ್ರೈವರ್ ಅಣ್ಣ ಕೇಳೋದು ಒಂದೇ ಪ್ರಶ್ನೆ: ಟ್ರೇ ಎಷ್ಟು ತೂಕ? 40 ಮಿ.ಮೀ. ಸ್ಕ್ವೇರ್ ಪೈಪಿನ ಚೌಕಟ್ಟಿಗೆ 33 ಕೆ.ಜಿ., ಮೇಲೆ 18 ಮಿ.ಮೀ. ಪ್ಲೈವುಡ್ಡಿಗೆ 25, ಎರಡು ಚಾನಲ್ಲಿಗೆ 25, ಬೇರಿಂಗು, ಲಾಕು, ಬೋಲ್ಟು ಸೇರಿದರೆ 90ರ ಆಸುಪಾಸು. ಅಂದರೆ ಪ್ರತಿ ಟ್ರಿಪ್ಪಿಗೂ ನಾಲ್ಕು ನೀರಿನ ಕ್ಯಾನ್ ಕಮ್ಮಿ. ಇದನ್ನು ಮುಚ್ಚಿಟ್ಟು ಟ್ರೇ ಹೊಗಳೋದು ಮೋಸ. ಕಾನೂನು ಪ್ರಕಾರ ಗಾಡಿಯ ಒಟ್ಟು ತೂಕದ ಮಿತಿ ಟ್ರೇ ಹಾಕಿದ್ದಕ್ಕೆ ಹೆಚ್ಚಾಗೋದಿಲ್ಲ, ಹೊರುವ ಸಾಮಾನೇ ಇಳಿಯಬೇಕು. ಓವರ್‌ಲೋಡ್ ಮಾಡಿದರೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿಯಿಂದ ಶುರು. ಸಾಮಾನು ಗಾಡಿಯಾಚೆ ಚಾಚಿಕೊಂಡಿದ್ದರೂ ಅಷ್ಟೇ ದಂಡ. ಟ್ರೇ ಹೊರಗಿಟ್ಟುಕೊಂಡು ಪಕ್ಕದ ಅಂಗಡಿವರೆಗೆ ಹೋಗೋಣ ಅನ್ನುವವರಿಗೆ ಇದು ನೆನಪಿರಲಿ.

ಬದಲಾವಣೆಯ ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಒಳಗೆ ಬೋಲ್ಟ್ ಹಾಕಿದ, ಬಿಚ್ಚಿ ತೆಗೆಯಬಹುದಾದ ಟ್ರೇ ಲಗೇಜೋ ಬದಲಾವಣೆಯೋ ಅನ್ನೋದನ್ನು ರಸ್ತೆ ಬದಿಯಲ್ಲಿ ನಿಂತು ವಾದ ಮಾಡೋಕಾಗಲ್ಲ. ಅದಕ್ಕೇ ಬಾಡಿ ಮುಟ್ಟದೆ, ಕತ್ತರಿಸದೆ, ನಾಲ್ಕಾರು ಬೋಲ್ಟ್ ಬಿಚ್ಚಿದರೆ ಹೊರಬರುವ ಹಾಗೆ ವಿನ್ಯಾಸ ಮಾಡಿ, ಆರ್‌ಟಿಒ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ಕೇಳಿಕೊಳ್ಳೋದು ಸರಿ ದಾರಿ. ಡಿಸೈನ್ ಮಾಡುವವರು ಕಾನೂನು ಓದಬೇಕು ಅನ್ನೋದನ್ನೂ ಇದು ನಮಗೆ ಕಲಿಸುತ್ತೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಟ್ರೇಗೆ ದುಡ್ಡು ಹಾಕೋದು ಗಾಡಿ ಮಾಲೀಕ. ನಾಲ್ಕು ಕ್ಯಾನಿನ ನಷ್ಟವೂ ಮಾಲೀಕನದೇ. ಲಾಭ ಮಾತ್ರ ಎತ್ತುವವನ ಬೆನ್ನಿಗೆ. ಆ ಬೆನ್ನಿನ ರಿಪೇರಿ ಖರ್ಚು ಮಾಲೀಕನ ಪುಸ್ತಕದಲ್ಲಿ ಎಲ್ಲೂ ಬರೆದಿರೋದಿಲ್ಲ. ಗಾಡಿಯ ಪ್ಲೇಟು ಮುರಿದರೆ ಖರ್ಚು, ಹುಡುಗನ ಸೊಂಟ ಹಿಡಿದುಕೊಂಡರೆ ರಜೆ, ಅದೂ ಸಂಬಳವಿಲ್ಲದ ರಜೆ. ಲೆಕ್ಕ ಹೀಗಿರುವವರೆಗೆ ಒಳ್ಳೇ ಟ್ರೇ ಕೂಡ ಮಾರಾಟ ಆಗೋದಿಲ್ಲ. ಸ್ವಂತ ಗಾಡಿ ಇಟ್ಟುಕೊಂಡು ತಾನೇ ಓಡಿಸಿ ತಾನೇ ಇಳಿಸುವ ಅಣ್ಣಂದಿರು ಮಾತ್ರ ಇದರ ಬೆಲೆಯನ್ನು ತಕ್ಷಣ ಹಿಡೀತಾರೆ, ಯಾಕಂದ್ರೆ ಅಲ್ಲಿ ಜೇಬೂ ಬೆನ್ನೂ ಒಬ್ಬನದೇ. ಆದ್ದರಿಂದ ಶುರು ಅವರಿಂದಲೇ ಆಗಬೇಕು ಅನ್ನೋದು ನಮ್ಮ ಅಭಿಪ್ರಾಯ.

ಇನ್ನೊಂದು ಪ್ರಶ್ನೆಯನ್ನೂ ನಾವೇ ಕೇಳಿಕೊಳ್ಳಬೇಕು. ಇಬ್ಬರು ಮಾಡುತ್ತಿದ್ದ ಕೆಲಸ, ಒಬ್ಬ ಮೇಲೆ ನಿಂತು ಎಳೆಯೋದು, ಒಬ್ಬ ಕೆಳಗೆ ನಿಂತು ಹೊರೋದು, ಟ್ರೇ ಬಂದರೆ ಒಬ್ಬನಿಂದಲೇ ಆಗಬಹುದು. ಆಗ ಎರಡನೆಯವನ ಗತಿ? ಈ ಭಯ ಸುಳ್ಳಲ್ಲ. ಎಷ್ಟೋ ಕ್ಯಾನ್ ಗಾಡಿಗಳಲ್ಲಿ ಈಗಾಗಲೇ ಒಬ್ಬನೇ ಇದ್ದಾನೆ ಅನ್ನೋದೂ ನಿಜ. ವೆಲ್ಡಿಂಗ್ ಮಾಡಿ ಕೂಲಿಯ ಪ್ರಶ್ನೆ ಬಗೆಹರಿಸೋಕಾಗಲ್ಲ, ಒಪ್ಪಿದೆವು. ಆದರೆ ಕೆಲಸ ಉಳಿಯಬೇಕು ಅಂತ ಮೈ ಮುರಿಯುವ ರೀತಿಯಲ್ಲೇ ಅದು ನಡೀತಿರಲಿ ಅನ್ನೋದನ್ನು ನಾವು ಒಪ್ಪಲ್ಲ. ಟ್ರೇ ಬೇಕೋ ಬೇಡವೋ ಅನ್ನೋ ಮಾತುಕತೆಯಲ್ಲಿ ಮಾಲೀಕನ ಜೊತೆ ಆ ಇಬ್ಬರೂ ಕೂತಿರಬೇಕು. ಅಷ್ಟನ್ನಾದರೂ ನಾವು ಮಾಡಿಸಬಹುದು.

ಇದು ನಮ್ಮ ಪ್ರಾಜೆಕ್ಟ್ ಯಾಕಾಗಬಾರದು?

ಈಗ ನಮ್ಮ ಕಾಲೇಜಿನ ಮಾತು. ಕೊನೇ ವರ್ಷ ಬಂತು ಅಂದರೆ ಪ್ರಾಜೆಕ್ಟ್ ಹುಡುಕಾಟ ಶುರು. ದುಡ್ಡು ಕೊಟ್ಟರೆ ಮಾಡೆಲ್ಲು, ರಿಪೋರ್ಟು, ವೈವಾಕ್ಕೆ ಉತ್ತರ ಎಲ್ಲಾ ಒಟ್ಟಿಗೆ ಕೊಡುವ ಅಂಗಡಿಗಳು ಎಲ್ಲಿವೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಇಲ್ಲ ಅಂದರೆ ಯಾವುದಾದರೂ ಸೆನ್ಸರ್ ಅಂಟಿಸಿ ಹೆಸರಿಗೊಂದು "ಸ್ಮಾರ್ಟ್" ಸೇರಿಸೋದು. ಜಾರುವ ಟ್ರೇ ಅಂತ ಹೇಳಿದರೆ "ಇದರಲ್ಲಿ ಹೊಸತೇನಿದೆ" ಅನ್ನೋ ಪ್ರಶ್ನೆ ಬರುತ್ತೆ. ಹೊಸತೇನೂ ಇಲ್ಲ, ಒಪ್ಪೋಣ. ಆದರೆ ತೊಲೆ, ಬೇರಿಂಗು, ಬೆಸುಗೆ, ಬೋಲ್ಟು, ಲೋಹದ ಆಯ್ಕೆ, ಮನುಷ್ಯನ ಮೈಯ ಅಳತೆ, ವೆಚ್ಚ, ಕಾನೂನು, ನಾಲ್ಕು ವರ್ಷ ಓದಿದ್ದೆಲ್ಲ ಒಂದೇ ಕಡೆ ಕೆಲಸಕ್ಕೆ ಬರುವ ವಸ್ತು ಇದಕ್ಕಿಂತ ಇನ್ಯಾವುದು? ಹೊಸತು ಬೇಕೇಬೇಕು ಅಂದರೆ ಇಲ್ಲಿದೆ: 90 ಕೆ.ಜಿ.ಯನ್ನು 50ಕ್ಕೆ ಇಳಿಸಿ ತೋರಿಸಿ, ಬಲ ಕಮ್ಮಿಯಾಗದ ಹಾಗೆ. ಬೆಲೆ ಚೋಟಾ ಹಾಥಿ ಓಡಿಸುವವನ ಕೈಗೆ ಎಟಕುವ ಹಾಗೆ. ಇದು ಸೆನ್ಸರ್ ಅಂಟಿಸೋದಕ್ಕಿಂತ ಕಷ್ಟ.

ಹೇಗೆ ಶುರು ಮಾಡಬಹುದು ಅನ್ನೋದಕ್ಕೆ ನಮ್ಮ ಸಲಹೆ ಇಷ್ಟು. ಮೊದಲ ಎರಡು ವಾರ ಲ್ಯಾಪ್‌ಟಾಪ್ ಬಿಚ್ಚೋದು ಬೇಡ. ಒಪ್ಪಿಗೆ ಕೊಟ್ಟ ಒಬ್ಬ ಕ್ಯಾನ್ ಗಾಡಿಯವರ ಜೊತೆ ಒಂದು ದಿನ ಪೂರ್ತಿ ಸುತ್ತಿ. ಎಷ್ಟು ಸಲ ನಿಂತರು, ಎಷ್ಟು ಸಲ ಹತ್ತಿದರು, ಎಷ್ಟು ದೂರ ಕೈ ಚಾಚಿದರು ಬರೆದುಕೊಳ್ಳಿ. ಅವರ ಮೊಣಕೈ ಎತ್ತರ, ಚಾಚಿದ ಕೈಯ ಉದ್ದ ಅಳೆಯಿರಿ. ಕ್ಯಾನ್ ಎತ್ತಿಕೊಡಿ, ನೀವೂ ಹೊರಿ. ಮರುದಿನ ಬೆಳಿಗ್ಗೆ ನಿಮ್ಮ ಸೊಂಟ ಹೇಳುವ ಮಾತು ಯಾವ ಜರ್ನಲ್ಲಿನಲ್ಲೂ ಸಿಗಲ್ಲ. ಆಮೇಲೆ ಬಾಡಿ ಕಟ್ಟುವ ಶೆಡ್ಡಿಗೆ ಹೋಗಿ ಮೇಸ್ತ್ರಿ ಹತ್ತಿರ ಕೂತು ಚಿತ್ರ ಬಿಡಿಸಿ. ಯಾವ ವೆಲ್ಡಿಂಗ್ ಎಲ್ಲಿ ಬಿಡುತ್ತೆ ಅಂತ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಖರ್ಚಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮಕ್ಕೆ ಅರ್ಜಿ ಹಾಕಬಹುದು. ಜನರ ಕೆಲಸಕ್ಕೆ ಬರುವ ಪ್ರಾಜೆಕ್ಟುಗಳಿಗೆ ಅಲ್ಲಿ ಜಾಗ ಇದೆ.

ಪರೀಕ್ಷೆ ಮಾತ್ರ ಗಾಡಿಯಲ್ಲಿ ಮಾಡಬೇಡಿ. ವರ್ಕ್‌ಶಾಪಿನ ನೆಲದಲ್ಲಿ ಚೌಕಟ್ಟು ಬಿಗಿದು, ಮರಳಿನ ಚೀಲ ಹೇರಿ, ಟ್ರೇ ಪೂರ್ತಿ ಹೊರಗೆ ಎಳೆದು, ತುದಿ ಎಷ್ಟು ಬಾಗಿತು ಅಂತ ನೋಡಿ. ಹೇಳಿದ ಭಾರದ ಒಂದೂವರೆ ಪಟ್ಟು ಹೇರಿ ಒಂದು ರಾತ್ರಿ ಬಿಡಿ. ಸಾವಿರ ಸಲ ಎಳೆದು ತಳ್ಳಿ, ಚಾನಲ್ಲಿಗೆ ಒಂದು ಹಿಡಿ ಧೂಳು ಎರಚಿ ಮತ್ತೆ ಸಾವಿರ ಸಲ. ಇದಾದ ಮೇಲೂ ನಿಂತರೆ ಮಾತ್ರ ಅದನ್ನು ಇನ್ನೊಬ್ಬರ ಗಾಡಿಗೆ ಬಿಗಿಯುವ ಹಕ್ಕು ನಮಗೆ ಬರುತ್ತೆ. ಬಿಗಿದ ಮೇಲೂ ಆರು ತಿಂಗಳು ಹೋಗಿ ಹೋಗಿ ನೋಡಬೇಕು. ವೈವಾ ಮುಗೀತು ಅಂತ ಫೋನ್ ಎತ್ತದೇ ಇರೋರು ಇಂಜಿನಿಯರ್ ಅಲ್ಲ.

ನಮ್ಮ ಸಂಘದ ಕಡೆಯಿಂದ ಒಂದು ಮಾತು. ಮೆಕ್ಯಾನಿಕಲ್ ಒಂದೇ ಅಲ್ಲ, ಯಾವ ವಿಭಾಗದವರಾದರೂ ಸರಿ, ಈ ವರ್ಷ ಇಂಥದೊಂದನ್ನು ಕೈಗೆತ್ತಿಕೊಂಡರೆ ಅಳತೆ, ಲೆಕ್ಕ, ಸೋತ ಪ್ರಯತ್ನ ಎಲ್ಲವನ್ನೂ ಕನ್ನಡದಲ್ಲಿ ಬರೆದು ಕಳಿಸಿ. ಇಲ್ಲೇ ಪ್ರಕಟಿಸ್ತೀವಿ. ಕನ್ನಡದಲ್ಲೇ ಯಾಕೆ ಅಂದರೆ, ಅದನ್ನು ಓದಬೇಕಾದವರು ಬಾಡಿ ಶೆಡ್ಡಿನ ಮೇಸ್ತ್ರಿ, ಗಾಡಿಯ ಡ್ರೈವರು, ಕ್ಯಾನ್ ಇಳಿಸುವ ಹುಡುಗ. ಎಷ್ಟು ಭಾರಕ್ಕೆ ಎಷ್ಟು ದಪ್ಪದ ಪೈಪು, ಬೋಲ್ಟ್ ಎಲ್ಲಿ ಹಾಕಬೇಕು ಅನ್ನೋ ನಾಲ್ಕು ಪುಟ ಅವರ ಕೈಗೆ ಅವರ ಮಾತಿನಲ್ಲಿ ಸಿಕ್ಕರೆ, ಮುಂದಿನ ಟ್ರೇಗೆ ನಮ್ಮ ಅಗತ್ಯವೇ ಇರೋದಿಲ್ಲ. ಹಾಗಾದರೆ ನಮಗದು ಖುಷಿಯೇ.